ಕೂಡಿಸಿದ್ದನ್ನು ಬಿಡಿಸುವವರಾರು? ಅನಿಲಕ್ಕೆ ಓಗೊಡುವ ಸಾಬೂನಿನ ಎರಡು ದಶಕಗಳ ಕಥೆ

ಎಣ್ಣೆಯನ್ನು ನೀರಿನೊಡನೆ ಬೆರೆಸುವ ವಿದ್ಯೆ ಮನುಷ್ಯನಿಗೆ ಬಹುಕಾಲದ ಹಿಂದೆಯೇ ಕರಗತವಾಗಿದೆ. ಹಾಗೆ ಬೆರೆಸಿದ್ದನ್ನು ಬೇಕೆಂದಾಗ ಬೇರ್ಪಡಿಸುವ ವಿದ್ಯೆ ಮಾತ್ರ ಇಂದಿಗೂ ಅರೆಬರೆಯಾಗಿಯೇ ಉಳಿದಿದೆ. ಮಾರ್ಜಕ, ಗೋಡೆಯ ಬಣ್ಣ, ಕೀಟನಾಶಕ, ಔಷಧ, ಸೌಂದರ್ಯವರ್ಧಕ, ತೈಲೋದ್ಯಮ - ಇವೆಲ್ಲವೂ ಮೊದಲನೆಯ ವಿದ್ಯೆಯನ್ನು ನೆಚ್ಚಿಕೊಂಡು ಬೆಳೆದವು. ಎರಡನೆಯ ವಿದ್ಯೆಯ ಕೊರತೆಗೆ ಬೆಲೆ ತೆರುತ್ತಿರುವುದು ನದಿ, ಕೆರೆ, ಕಡಲುಗಳು.

ಈ ಕೊರತೆ ನೀಗಬಹುದೆಂಬ ಭರವಸೆಯನ್ನು ಮೂಡಿಸಿದ ಸಂಶೋಧನೆಯೊಂದು 2006ರ ಆಗಸ್ಟ್‌ನಲ್ಲಿ 'ಸೈನ್ಸ್' ನಿಯತಕಾಲಿಕದಲ್ಲಿ ಪ್ರಕಟವಾಯಿತು. ಕೆನಡಾದ ಕಿಂಗ್‌ಸ್ಟನ್ ನಗರದಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಫಿಲಿಪ್ ಜೆಸ್ಸಪ್ ಮತ್ತು ಸಂಗಡಿಗರು, ಅಮೆರಿಕದ ಜಾರ್ಜಿಯಾ ಟೆಕ್‌ನ ಚಾರ್ಲ್ಸ್ ಎಕರ್ಟ್ ಹಾಗೂ ಚಾರ್ಲ್ಸ್ ಲಿಯೊಟಾ ಅವರೊಡಗೂಡಿ ನಡೆಸಿದ ಪ್ರಯೋಗವದು. ಅವರು ರೂಪಿಸಿದ ಅಣು ಇಂಗಾಲದ ಡೈಆಕ್ಸೈಡ್ ಅನಿಲ ಸೋಕಿದರೆ ಸಾಬೂನಿನಂತೆ ವರ್ತಿಸುತ್ತದೆ. ಆ ಅನಿಲವನ್ನು ಹೊರದೂಡಿದರೆ ಸಾಬೂನಿನ ಗುಣವನ್ನು ಕಳಚಿಟ್ಟು ಸಾಮಾನ್ಯ ಎಣ್ಣೆಯಂತಾಗುತ್ತದೆ. ವಿದ್ಯುದ್ದೀಪಕ್ಕೆ ಸ್ವಿಚ್ ಇರುವಂತೆ ಸಾಬೂನಿಗೂ ಒಂದು ಸ್ವಿಚ್. ಅದನ್ನು ಒತ್ತುವ ಬೆರಳು ಒಂದು ಅನಿಲ.

ಇದು ನಡೆದು ಎರಡು ದಶಕಗಳಾಗುತ್ತ ಬಂದಿವೆ. ಈ ಅವಧಿಯಲ್ಲಿ ಕೆನಡಾ, ಚೀನಾ, ಬ್ರಿಟನ್ ಮುಂತಾದೆಡೆಗಳ ಪ್ರಯೋಗಾಲಯಗಳಿಂದ ಪ್ರಬಂಧಗಳ ಮೇಲೆ ಪ್ರಬಂಧಗಳು ಬಂದಿವೆ. ಆದರೆ ದಿನಸಿ ಅಂಗಡಿಯ ಮಾರ್ಜಕದ ಪೊಟ್ಟಣದಲ್ಲಾಗಲಿ ಬಣ್ಣದ ಡಬ್ಬಿಯಲ್ಲಾಗಲಿ ಈ ಅಣು ಕಾಣಿಸಿಕೊಂಡಿಲ್ಲ. ವಿಜ್ಞಾನ ಸುಳ್ಳಾಗಿತ್ತೇ ಎಂದರೆ ಇಲ್ಲ. ಅಡ್ಡಿಯಿರುವುದು ಬೇರೆಡೆ, ಅದರಲ್ಲಿ ಅರ್ಧ ರಸಾಯನಶಾಸ್ತ್ರದ್ದು, ಅರ್ಧ ಹಣಕಾಸಿನದು.

ಮಜ್ಜಿಗೆಯ ಲೆಕ್ಕಾಚಾರ

ವಿಷಯದ ಬುಡವನ್ನು ಅರಿಯಲು ಅಡುಗೆಮನೆಗೆ ಹೋದರೆ ಸಾಕು. ಹಾಲು ಎನ್ನುವುದು ನೀರಿನಲ್ಲಿ ಕೊಬ್ಬಿನ ಅತಿಸೂಕ್ಷ್ಮ ಹನಿಗಳು ತೇಲಾಡುವ ದ್ರವ. ಹೀಗೆ ಒಂದು ವಸ್ತುವಿನ ಸೂಕ್ಷ್ಮ ಕಣಗಳು ಇನ್ನೊಂದರಲ್ಲಿ ಕರಗದೆ, ತಳಕ್ಕೂ ಇಳಿಯದೆ ಹರಡಿಕೊಂಡಿರುವ ಸ್ಥಿತಿಗೆ ವಿಜ್ಞಾನದ ಪಠ್ಯಗಳು 'ಕಲಿಲ' ಎಂಬ ಹೆಸರಿಟ್ಟಿವೆ. ಹನಿಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ಕಾಯುವುದು ಅವುಗಳ ಸುತ್ತ ಹೊದ್ದಿಕೊಂಡ ಒಂದು ತೆಳು ಪೊರೆ. ಮೊಸರು ಕಡೆದು ಬೆಣ್ಣೆ ತೆಗೆಯುವಾಗ ಆಗುವುದೇನು? ಕಡೆಗೋಲಿನ ಬಲದಿಂದ ಆ ಪೊರೆ ಹರಿಯುತ್ತದೆ, ಕೊಬ್ಬಿನ ಹನಿಗಳು ಒಂದುಗೂಡುತ್ತವೆ. ಕಡೆಯುವವರ ರಟ್ಟೆಯ ನೋವೇ ಕಲಿಲವನ್ನು ಒಡೆಯಲು ತೆರಬೇಕಾದ ಬೆಲೆ.

ಉದ್ಯಮಗಳಲ್ಲಿ ಪೊರೆಯ ಕೆಲಸ ಮಾಡುವ ವಸ್ತುವಿಗೆ ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ಸಾಬೂನು ಅದರ ಅತಿ ಪುರಾತನ ರೂಪ. ಈ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ಎಣ್ಣೆಯನ್ನು ಬಯಸುವ ಒಂದು ಉದ್ದನೆಯ ಬಾಲ. ಬಾಲವನ್ನು ಎಣ್ಣೆಯ ಹನಿಯೊಳಗೆ ನೆಟ್ಟು, ತಲೆಯನ್ನು ನೀರಿಗೆ ಚಾಚಿ ಅದು ಎರಡು ವೈರಿಗಳ ನಡುವೆ ಸಂಧಾನಕಾರನಾಗಿ ನಿಲ್ಲುತ್ತದೆ. ತೊಡಕೆಂದರೆ ಈ ಸಂಧಾನಕಾರನಿಗೆ ನಿವೃತ್ತಿಯಿಲ್ಲ. ಬಟ್ಟೆಯ ಕೊಳೆಯನ್ನು ಬಿಡಿಸಿದ ನಂತರ ಚರಂಡಿಯಲ್ಲಿಯೂ, ಚರಂಡಿಯಿಂದ ಕೆರೆಯಲ್ಲಿಯೂ ಅದು ತನ್ನ ಕೆಲಸವನ್ನು ಮುಂದುವರಿಸಿಯೇ ಇರುತ್ತದೆ.

ಅದನ್ನು ಕೆಲಸದಿಂದ ಬಿಡಿಸಲು ಈವರೆಗಿನ ಹಾದಿಗಳು ಕೆಲವು. ಆಮ್ಲ ಸುರಿಯಬಹುದು, ಉಪ್ಪು ಬೆರೆಸಬಹುದು, ಕಾಯಿಸಬಹುದು, ವಿದ್ಯುತ್ ಕ್ಷೇತ್ರಕ್ಕೆ ಒಡ್ಡಬಹುದು, ಇಲ್ಲವೇ ಪೊರೆಯನ್ನು ಹರಿಯುವ ಇನ್ನೊಂದು ರಾಸಾಯನಿಕವನ್ನು ಸೇರಿಸಬಹುದು. ಕಚ್ಚಾ ತೈಲದಲ್ಲಿ ಬೆರೆತ ಉಪ್ಪುನೀರನ್ನು ತೆಗೆಯಲು ಮಂಗಳೂರಿನದೂ ಸೇರಿದಂತೆ ತೈಲ ಶುದ್ಧೀಕರಣಾಗಾರಗಳು ಮಾಡುವುದು ಇಂಥ ಕೆಲಸವನ್ನೇ. ಬೆಳಕು ಬಿದ್ದರೆ ಬದಲಾಗುವ ಅಣುಗಳನ್ನೂ ವಿಜ್ಞಾನಿಗಳು ಮಾಡಿದ್ದಾರೆ. ಹಾಲಿನಂತೆ ಮಬ್ಬಾದ ದ್ರವದೊಳಕ್ಕೆ ಬೆಳಕು ಆಳಕ್ಕಿಳಿಯದು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಜೂಲಿಯನ್ ಈಸ್ಟೊ ತಂಡ 2012ರಲ್ಲಿ ಕಬ್ಬಿಣದ ಅಂಶವಿರುವ, ಅಯಸ್ಕಾಂತಕ್ಕೆ ಸ್ಪಂದಿಸುವ ಸಾಬೂನನ್ನು ತೋರಿಸಿ ಸುದ್ದಿಯಾಯಿತು. ಆಮ್ಲ ಮತ್ತು ಕ್ಷಾರಗಳನ್ನು ಸರದಿಯಂತೆ ಹಾಕುವ ವಿಧಾನ ಎಲ್ಲಕ್ಕಿಂತ ಸುಲಭ. ಆದರೆ ಪ್ರತಿ ಸುತ್ತಿನಲ್ಲಿಯೂ ದ್ರವದಲ್ಲಿ ಉಪ್ಪು ಉಳಿಯುತ್ತದೆ. ಹತ್ತು ಸುತ್ತು ಮುಗಿಯುವ ಹೊತ್ತಿಗೆ ಉಪ್ಪಿನ ಹೊರೆಯೇ ಹೊಸ ಮಾಲಿನ್ಯ.

ಅನಿಲದ ಹೆಚ್ಚುಗಾರಿಕೆ ಇಲ್ಲಿಯೇ ಇರುವುದು. ಅದು ಬಂದು ಕೆಲಸ ಮಾಡಿಸಿ, ಹೋಗುವಾಗ ಗುರುತು ಬಿಡದೆ ಹೋಗುತ್ತದೆ.

ಜೆಸ್ಸಪ್ ತಂಡ ಆಯ್ದುಕೊಂಡದ್ದು ಅಮಿಡೀನ್ ಎಂಬ ಗುಂಪಿನ ಅಣುಗಳನ್ನು. ಉದ್ದನೆಯ ಇಂಗಾಲದ ಸರಪಳಿಯ ತುದಿಯಲ್ಲಿ ಸಾರಜನಕವಿರುವ ಒಂದು ಕ್ಷಾರೀಯ ತಲೆ. ಸಾಮಾನ್ಯ ಸ್ಥಿತಿಯಲ್ಲಿ ತಲೆಗೆ ವಿದ್ಯುದಂಶವಿಲ್ಲ. ಆದ್ದರಿಂದ ಅಣು ನೀರಿನತ್ತ ತಿರುಗಿಯೂ ನೋಡದು. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗ ಸೋಡಾ ನೀರಿನಲ್ಲಿರುವ ಕಾರ್ಬಾನಿಕ್ ಆಮ್ಲವಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ, ವಾತಾವರಣದ ಒತ್ತಡದಲ್ಲಿ ಒಂದು ಲೀಟರ್ ನೀರು ಸುಮಾರು ಒಂದೂವರೆ ಗ್ರಾಂ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಮೃದು ಆಮ್ಲದಿಂದ ಅಮಿಡೀನ್ ಒಂದು ಪ್ರೋಟಾನನ್ನು ಪಡೆದು ಧನ ವಿದ್ಯುದಂಶವನ್ನು ಧರಿಸುತ್ತದೆ, ಬೈಕಾರ್ಬನೇಟ್ ಅದರ ಜೊತೆಗಾರನಾಗುತ್ತದೆ. ಆ ಕ್ಷಣದಿಂದ ಅದು ಸಾಬೂನು. ನಂತರ ಆರ್ಗಾನ್, ಸಾರಜನಕ ಅಥವಾ ಬರೀ ಗಾಳಿಯನ್ನು ಗುಳ್ಳೆಗಳಾಗಿ ಹಾಯಿಸಿ, 65 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗೆ ಮಾಡಿದರೆ ಅನಿಲ ಹೊರಬಿದ್ದು ಅಣು ಹಿಂದಿನ ಸ್ಥಿತಿಗೆ ಮರಳುತ್ತದೆ. ಎಣ್ಣೆ ಮೇಲೆ, ನೀರು ಕೆಳಗೆ. ಕಡೆಗೋಲಿನ ಅಗತ್ಯವಿಲ್ಲ.

ಇದು ಕೇವಲ ಪರದೇಶದ ಪವಾಡವೆಂದು ಭಾವಿಸಬೇಕಿಲ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಇದರ ದೂರದ ಸಂಬಂಧಿಯೊಂದು ಎಂದಿನಿಂದಲೂ ಇದೆ. ಮರದಿಂದ ಒಸರುವ ಹಾಲು ಸಹ ಒಂದು ಕಲಿಲವೇ. ಹಾಳೆ ತಯಾರಿಸುವವರು ಅದಕ್ಕೆ ಫಾರ್ಮಿಕ್ ಆಮ್ಲ ಬೆರೆಸಿ ಗಟ್ಟಿಯಾಗಿಸುತ್ತಾರೆ. ಹಾಲಿನ ರೂಪದಲ್ಲಿಯೇ ಕಾರ್ಖಾನೆಗೆ ಸಾಗಿಸಬೇಕಾದಾಗ ಅದು ಹೆಪ್ಪುಗಟ್ಟದಂತೆ ಕಾಯುವುದು ಅಮೋನಿಯಾ. ಅದೂ ಒಂದು ಅನಿಲವೇ. ಸಾಂದ್ರೀಕರಿಸಿದ ಹಾಲಿನಲ್ಲಿ ಸಾಧಾರಣವಾಗಿ ಶೇ 0.7ರಷ್ಟು ಅಮೋನಿಯಾ ಇರುತ್ತದೆ. ಬಳಸುವ ಮುನ್ನ ಗಾಳಿ ಹಾಯಿಸಿ ಅದನ್ನು ತಗ್ಗಿಸುವ ರೂಢಿ ಉದ್ಯಮಕ್ಕೆ ಹಳೆಯದು. ಅನಿಲವನ್ನು ಸೇರಿಸಿ ಕಲಿಲವನ್ನು ಕಾಪಾಡುವುದು, ಅನಿಲವನ್ನು ತೆಗೆದು ಅದರ ಬಿಗಿ ಸಡಿಲಿಸುವುದು - ತತ್ವ ಒಂದೇ. ಕಣ್ಣು, ಮೂಗು ಉರಿಸುವ ಅಮೋನಿಯಾದ ಜಾಗಕ್ಕೆ ನಿರುಪದ್ರವಿ ಅನಿಲವನ್ನು ತಂದು, ಅದಕ್ಕೆ ಹೊಂದುವ ಅಣುವನ್ನು ಕೈಯಾರೆ ಕಟ್ಟಿದ್ದು ಕಿಂಗ್‌ಸ್ಟನ್ನಿನ ಕೊಡುಗೆ.

ಪ್ರಯೋಗಾಲಯದ ಸಡಗರ

ಮುಂದಿನ ವರ್ಷಗಳಲ್ಲಿ ಈ ದಾರಿಯಲ್ಲಿ ನಡೆದವರು ಹಲವರು. ಅಮಿಡೀನ್ ದುಬಾರಿಯಾದ್ದರಿಂದ ಅಗ್ಗದ ತೃತೀಯ ಅಮೈನ್‌ಗಳತ್ತ ಗಮನ ಹರಿಯಿತು. ಚೀನಾದ ಸಿಚುವಾನ್ ವಿಶ್ವವಿದ್ಯಾಲಯದ ಯುಜುನ್ ಫೆಂಗ್ ತಂಡ 2013ರಲ್ಲಿ ತೋರಿಸಿದ ಪ್ರಯೋಗ ಅತ್ಯಂತ ಸರಳವಾದುದು, ಹಾಗೆಯೇ ಅತ್ಯಂತ ಸೊಗಸಾದುದು. ಎಲ್ಲೆಡೆ ಸಿಗುವ ಸೋಡಿಯಂ ಡೊಡೆಸಿಲ್ ಸಲ್ಫೇಟ್ ಎಂಬ ಅಗ್ಗದ ಮಾರ್ಜಕದ ಎರಡು ಪಾಲಿಗೆ, ಎರಡು ಅಮೈನ್ ತುದಿಗಳಿರುವ ಒಂದು ಚಿಕ್ಕ ಅಣುವಿನ ಒಂದು ಪಾಲು. ಈ ದ್ರಾವಣ ನೀರಿನಂತೆ ತೆಳ್ಳಗೆ ಹರಿಯುತ್ತದೆ. ಇಂಗಾಲದ ಡೈಆಕ್ಸೈಡ್ ಹಾಯಿಸಿದೊಡನೆ ಚಿಕ್ಕ ಅಣುವಿನ ಎರಡೂ ತುದಿಗಳು ವಿದ್ಯುದಂಶ ಪಡೆದು, ಎರಡು ಮಾರ್ಜಕದ ಅಣುಗಳ ತಲೆಗಳನ್ನು ಹಿಡಿದು ಜೋಡಿ ಮಾಡುತ್ತವೆ. ಅದುವರೆಗೆ ಚಿಕ್ಕ ಉಂಡೆಗಳಾಗಿದ್ದ ಅಣುಗಳ ಗುಂಪುಗಳು ಉದ್ದನೆಯ ಹುಳುಗಳ ಆಕಾರ ತಾಳುತ್ತವೆ. ಹುಳುಗಳು ಪರಸ್ಪರ ಹೆಣೆದುಕೊಂಡು ದ್ರವ ಲೋಳೆಯಾಗುತ್ತದೆ. ಗಾಳಿ ಹಾಯಿಸಿದರೆ ಮತ್ತೆ ನೀರು.

ಕಲಿಲದ ಒಳರಚನೆಯನ್ನೇ ಅನಿಲವೊಂದು ಹೀಗೆ ಬದಲಾಯಿಸಬಲ್ಲದೆಂಬುದು ಈ ಕ್ಷೇತ್ರದ ನಿಜವಾದ ತಿರುಳು. ಅಣುಗಳು ಉಂಡೆಯಾಗಿ ನಿಲ್ಲುತ್ತವೆಯೋ, ಹುಳುವಾಗಿ ಹೊಸೆದುಕೊಳ್ಳುತ್ತವೆಯೋ, ಹಾಳೆಯಾಗಿ ಹರಡುತ್ತವೆಯೋ ಎಂಬುದರ ಮೇಲೆ ದ್ರವದ ಸ್ನಿಗ್ಧತೆ, ಬಾಳಿಕೆ, ಎಣ್ಣೆ ಹಿಡಿದಿಡುವ ಶಕ್ತಿ ಎಲ್ಲವೂ ನಿಂತಿವೆ. ಅದೇ 2013ರಲ್ಲಿ ಚೀನಾದ ವೂಶಿ ನಗರದ ಜಿಯಾಂಗ್‌ನಾನ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಹಲ್ ವಿಶ್ವವಿದ್ಯಾಲಯದ ಬರ್ನಾರ್ಡ್ ಬಿಂಕ್ಸ್ ಜೊತೆ ಸೇರಿ ಇನ್ನೊಂದು ಹೆಜ್ಜೆ ಇಟ್ಟರು. ಎಣ್ಣೆಯ ಹನಿಗಳಿಗೆ ಸಿಲಿಕಾದ ಸೂಕ್ಷ್ಮ ಕಣಗಳ ಕವಚ ತೊಡಿಸಿ, ಆ ಕವಚ ಅಂಟಿಕೊಳ್ಳುವುದನ್ನೂ ಕಳಚುವುದನ್ನೂ ಅನಿಲದ ವಶಕ್ಕೆ ಕೊಟ್ಟರು. ಸಾಬೂನಿನ ಪ್ರಮಾಣ ಇದರಿಂದ ಬಹಳಷ್ಟು ತಗ್ಗಿತು.

ಪತ್ರಿಕಾ ಪ್ರಕಟಣೆಗಳೂ ಹಿಂದೆ ಬೀಳಲಿಲ್ಲ. 'ಸ್ಮಾರ್ಟ್' ಎಂಬ ವಿಶೇಷಣ ಫೋನಿಗೆ, ನಗರಕ್ಕೆ ಅಂಟಿದಂತೆ ಸಾಬೂನಿಗೂ ಅಂಟಿತು. ಇಂಗಾಲದ ಡೈಆಕ್ಸೈಡ್ ಎಂಬ ಹೆಸರು ಇದ್ದುದರಿಂದ 'ಹವಾಮಾನ ಸ್ನೇಹಿ' ಎಂಬ ಪಟ್ಟವೂ ಸುಲಭವಾಗಿ ದಕ್ಕಿತು. ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದೊಳ್ಳೆಯದು. ಹದಿನಾರು ಇಂಗಾಲಗಳ ಬಾಲವುಳ್ಳ ಅಮಿಡೀನ್‌ನ ಅಣುತೂಕ ಸುಮಾರು 310; ಇಂಗಾಲದ ಡೈಆಕ್ಸೈಡ್‌ನದು 44. ಒಂದಕ್ಕೆ ಒಂದರಂತೆ ಹಿಡಿದರೂ ಒಂದು ಕಿಲೋ ಅಮಿಡೀನ್ ಹಿಡಿಯುವುದು ಸುಮಾರು 140 ಗ್ರಾಂ ಅನಿಲವನ್ನು. ಅದನ್ನೂ ಕೆಲಸ ಮುಗಿದ ನಂತರ ಗಾಳಿಗೇ ಹಿಂದಿರುಗಿಸುತ್ತದೆ, ಹಿಂದಿರುಗಿಸಿದರೆ ಮಾತ್ರ ಅದರ ಕೆಲಸ ಮುಗಿಯುತ್ತದೆ. ಇದನ್ನು ಭೂಮಿಯ ತಾಪ ತಗ್ಗಿಸುವ ಉಪಾಯವೆಂದು ಬಣ್ಣಿಸುವುದು ಓದುಗರಿಗೆ ಮಾಡುವ ಅಪಚಾರ. ಅನಿಲ ಇಲ್ಲಿ ಸರಕಲ್ಲ, ಕೀಲಿಕೈ ಅಷ್ಟೆ.

ಇನ್ನೊಂದು ವಿಪರ್ಯಾಸವೂ ಗಮನಾರ್ಹ. ಹಸಿರು ರಸಾಯನದ ಹೆಸರಿನಲ್ಲಿ ಮೊಳೆತ ಈ ವಿದ್ಯೆಯ ಉಪಯೋಗಗಳ ಪಟ್ಟಿಯಲ್ಲಿ ಎದ್ದು ಕಾಣುವುದು ನೆಲದೊಳಗಿನ ತೈಲವನ್ನು ಇನ್ನಷ್ಟು ಹೊರತೆಗೆಯುವ ಕೆಲಸ. ತೈಲ ನಿಕ್ಷೇಪಕ್ಕೆ ಇಂಗಾಲದ ಡೈಆಕ್ಸೈಡ್ ತುಂಬುವ ಪದ್ಧತಿ ಮೊದಲೇ ಇರುವುದರಿಂದ, ಅದೇ ಅನಿಲ ತಗುಲಿ ಲೋಳೆಯಾಗಿ ಬಂಡೆಯ ಬಿರುಕುಗಳನ್ನು ಮುಚ್ಚುವ ದ್ರವದತ್ತ ಉದ್ಯಮದ ಕಣ್ಣು ಬಿದ್ದಿದ್ದು ಸಹಜವೇ. ಹಣ ಇರುವಲ್ಲಿಗೆ ವಿಜ್ಞಾನ ಹೋಗುತ್ತದೆಂಬುದರಲ್ಲಿ ಹೊಸದೇನಿಲ್ಲ.

ಸ್ವಿಚ್ ಕಚ್ಚಿಕೊಳ್ಳುವುದೆಲ್ಲಿ?

ಈಗ ತೊಡಕುಗಳತ್ತ ನೋಡಬೇಕು. ಸಾಬೂನನ್ನು ಚಾಲೂ ಮಾಡುವುದು ನಿಮಿಷಗಳ ಕೆಲಸ. ಬಂದ್ ಮಾಡುವುದಕ್ಕೆ ಬಹಳಷ್ಟು ಹೆಚ್ಚು ಸಮಯ ಬೇಕು, ಜೊತೆಗೆ ಶಾಖವೂ ಬೇಕು. ಅಮಿಡೀನ್ ಬಲವಾದ ಕ್ಷಾರವಾದ್ದರಿಂದ ಹಿಡಿದ ಪ್ರೋಟಾನನ್ನು ಸುಲಭವಾಗಿ ಬಿಟ್ಟುಕೊಡದು. ಕಾಯಿಸಿದರೆ ನೀರಿನಲ್ಲಿ ಅದು ನಿಧಾನವಾಗಿ ವಿಭಜನೆಯಾಗುವ ಅಪಾಯವೂ ಇದೆ. ದುರ್ಬಲ ಅಮೈನ್‌ಗಳು ಸುಲಭವಾಗಿ ಬಂದ್ ಆಗುತ್ತವೆ, ಆದರೆ ಅವು ಪೂರ್ತಿಯಾಗಿ ಚಾಲೂ ಆಗುವುದು ಕಷ್ಟ. ಅತ್ತ ದರಿ ಇತ್ತ ಪುಲಿ. ಇದಲ್ಲದೆ ಒಂದು ನಗೆ ತರಿಸುವ ತೊಂದರೆಯೂ ಉಂಟು: ಸಾಬೂನಿನ ದ್ರಾವಣಕ್ಕೆ ಗಾಳಿಯ ಗುಳ್ಳೆ ಹಾಯಿಸಿದರೆ ನೊರೆ ಏಳದೆ ಇರುತ್ತದೆಯೇ? ಗಾಜಿನ ಬೀಕರಿನಲ್ಲಿ ಅದು ಸಣ್ಣ ಸಂಗತಿ. ಹತ್ತು ಸಾವಿರ ಲೀಟರಿನ ತೊಟ್ಟಿಯಲ್ಲಿ ಅದೇ ಕಾರ್ಖಾನೆ ನಿಲ್ಲಿಸುವ ಸಂಗತಿ.

ಅದಕ್ಕಿಂತ ಗಂಭೀರವಾದುದು ಆಮ್ಲದ ಪ್ರಶ್ನೆ. ಈ ಸ್ವಿಚ್ ಹಿಂದಕ್ಕೆ ತಿರುಗುವುದು ಬೈಕಾರ್ಬನೇಟ್ ಅನಿಲವಾಗಿ ಹಾರಿಹೋಗಬಲ್ಲದೆಂಬ ಒಂದೇ ಕಾರಣಕ್ಕೆ. ದ್ರವದಲ್ಲಿ ಕಾರ್ಬಾನಿಕ್ ಆಮ್ಲಕ್ಕಿಂತ ಬಲವಾದ ಇನ್ನಾವುದೇ ಆಮ್ಲ ಸ್ವಲ್ಪ ಸೇರಿದರೂ ಕಥೆ ಬೇರೆ. ಕ್ಲೋರೈಡ್, ಸಲ್ಫೇಟ್‌ಗಳು ಗಾಳಿಗೆ ಹಾರುವಂಥವಲ್ಲ. ಅವು ಜೊತೆಗಾರರಾದ ಮೇಲೆ ಅಮೈನ್ ವಿದ್ಯುದಂಶದೊಡನೆಯೇ ಉಳಿಯುತ್ತದೆ, ಸ್ವಿಚ್ ಚಾಲೂ ಸ್ಥಿತಿಯಲ್ಲಿಯೇ ಕಚ್ಚಿಕೊಳ್ಳುತ್ತದೆ. ಶುದ್ಧ ನೀರು ಬಳಸುವ ಪ್ರಯೋಗಾಲಯದಲ್ಲಿ ಈ ಸಮಸ್ಯೆ ತಲೆದೋರದು. ಊರಿನ ಕೊಳಚೆ ನೀರಿನಲ್ಲಿ ತಲೆದೋರದೆ ಇರದು.

ಸಮುದ್ರದ ಮಾತೂ ಅಷ್ಟೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ತೈಲಬಾವಿಯಲ್ಲಿ ಸ್ಫೋಟ ಸಂಭವಿಸಿದಾಗ, ಚೆಲ್ಲಿದ ತೈಲವನ್ನು ಚದುರಿಸಲು ಸುಮಾರು 70 ಲಕ್ಷ ಲೀಟರ್ ರಾಸಾಯನಿಕವನ್ನು ಕಡಲಿಗೆ ಸುರಿಯಲಾಯಿತು. ಅದರ ಮುಖ್ಯ ಘಟಕಗಳಲ್ಲೊಂದು ಸರ್ಫ್ಯಾಕ್ಟಂಟ್. ಆಳದಲ್ಲಿ ಅದನ್ನು ಸುರಿಯುವುದು ನಿಂತು 64 ದಿನಗಳ ನಂತರವೂ, ಬಾವಿಯಿಂದ 300 ಕಿಲೋಮೀಟರ್ ದೂರದವರೆಗೂ ಅದರ ಅಂಶ ಆಳದ ನೀರಿನಲ್ಲಿ ಸಿಕ್ಕಿತೆಂದು ವಿಜ್ಞಾನಿಗಳು 2011ರಲ್ಲಿ ವರದಿ ಮಾಡಿದರು. ಇಂಥದೊಂದು ಅನಾಹುತದಲ್ಲಿ ಸ್ವಿಚ್ ಇರುವ ಅಣು ನೆರವಾಗುತ್ತಿತ್ತೇ? ಖಂಡಿತ ಇಲ್ಲ. ಕಡಲಿಗೆ ಯಾರೂ ಗಾಳಿ ಊದಲಾರರು. ಅಷ್ಟೇ ಅಲ್ಲ, ಕಡಲ ನೀರಿನ ಪಿಎಚ್ ಸುಮಾರು 8. ಸಾಧಾರಣ ತೃತೀಯ ಅಮೈನ್ ಅಲ್ಲಿ ಇಂಗಾಲದ ಡೈಆಕ್ಸೈಡಿನ ಹಂಗಿಲ್ಲದೆಯೇ ಬಹುಮಟ್ಟಿಗೆ ಚಾಲೂ ಆಗಿ ಕುಳಿತಿರುತ್ತದೆ. ಧನ ವಿದ್ಯುದಂಶದ ಇಂಥ ಅಣುಗಳು ಜಲಚರಗಳಿಗೆ ವಿಷವೆಂಬುದೂ ತಿಳಿದ ಸಂಗತಿ.

ಆದ್ದರಿಂದ ಅನಿಲದ ಕೀಲಿಕೈ ತೆರೆಯುವುದು ಮುಚ್ಚಿದ ಬಾಗಿಲುಗಳನ್ನು ಮಾತ್ರ. ಕೊಳವೆ, ತೊಟ್ಟಿ, ಮುಚ್ಚಳ ಇರುವಲ್ಲಿ, ಒಳಗೆ ಏನಿದೆಯೆಂಬುದು ಗೊತ್ತಿರುವಲ್ಲಿ ಇದು ಕೆಲಸಕ್ಕೆ ಬರುತ್ತದೆ. ಬಣ್ಣ, ಅಂಟುಗಳಲ್ಲಿ ಬಳಸುವ ಪಾಲಿಮರ್ ಲೇಟೆಕ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಸರಿಸುಮಾರು ಅರ್ಧದಷ್ಟು ನೀರೇ ಇರುವುದರಿಂದ ಲಾರಿಗಳು ಊರಿಂದೂರಿಗೆ ನೀರನ್ನು ಹೊತ್ತು ತಿರುಗುತ್ತವೆ. ಕಣಗಳನ್ನು ಬೇರ್ಪಡಿಸಬೇಕಾದರೆ ಉಪ್ಪು ಅಥವಾ ಆಮ್ಲ ಹಾಕಿ, ಆ ನಂತರ ನೀರಿನಿಂದ ತೊಳೆಯಬೇಕು. ಕ್ವೀನ್ಸ್ ವಿಶ್ವವಿದ್ಯಾಲಯದ ಮೈಕಲ್ ಕನಿಂಗ್‌ಹ್ಯಾಮ್ ಮತ್ತು ಜೆಸ್ಸಪ್ ಅವರ ತಂಡ 2011 ಮತ್ತು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅನಿಲ ತೆಗೆದು ಗಟ್ಟಿಯಾಗಿಸಿದ ಲೇಟೆಕ್ಸ್ ಕಣಗಳನ್ನು ಇಂಗಾಲದ ಡೈಆಕ್ಸೈಡ್ ತುಂಬಿದ ನೀರಿನಲ್ಲಿ ಮತ್ತೆ ಹರಡಿ ಹಿಂದಿನಂತೆಯೇ ಕಲಿಲವಾಗಿಸಬಹುದೆಂದು ತೋರಿಸಲಾಯಿತು. ಹುಡಿಯಾಗಿ ಸಾಗಿಸಿ, ಬೇಕಾದಲ್ಲಿ ಸೋಡಾ ನೀರು ಬೆರೆಸಿ ಬಳಸುವ ಕಲ್ಪನೆ ಅದು.

ಇದೇ ಬಳಗದ ರಸಾಯನದಿಂದ ವಾಣಿಜ್ಯದ ಬಾಗಿಲು ತಟ್ಟಿದ್ದೂ ಉಂಟು. ಕೆನಡಾದ ಫಾರ್ವರ್ಡ್ ವಾಟರ್ ಟೆಕ್ನಾಲಜೀಸ್ ಎಂಬ ಕಂಪನಿ ಜೆಸ್ಸಪ್ ಅವರ ಪ್ರಯೋಗಾಲಯದ ಕೆಲಸದಿಂದಲೇ ಹುಟ್ಟಿದ್ದು. ಅದು ಆಯ್ದುಕೊಂಡದ್ದು ಮಾತ್ರ ಉದ್ದ ಬಾಲದ ಸಾಬೂನನ್ನಲ್ಲ, ಬಾಲವೇ ಇಲ್ಲದ ಟ್ರೈಮೀಥೈಲ್ ಅಮೈನ್ ಎಂಬ ಪುಟ್ಟ ಅಣುವನ್ನು. ಕೊಳೆತ ಮೀನಿನ ವಾಸನೆಯ ಈ ವಸ್ತು ಇಂಗಾಲದ ಡೈಆಕ್ಸೈಡ್‌ನೊಡನೆ ಸೇರಿ ಲವಣವಾಗಿ, ಕೈಗಾರಿಕೆಯ ಮಲಿನ ಜಲದಿಂದ ಪೊರೆಯೊಂದರ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಕಾಯಿಸಿದರೆ ಎರಡೂ ಅನಿಲಗಳಾಗಿ ಹಾರಿ ಶುದ್ಧ ನೀರು ಉಳಿಯುತ್ತದೆ. ಉದ್ದ ಬಾಲದ ಅಣ್ಣನಿಗಿಂತ ಮೋಟು ಬಾಲದ ತಮ್ಮ ಮೊದಲು ಪ್ರಯೋಗಾಲಯದ ಹೊಸಿಲು ದಾಟಿದ್ದು ಕುತೂಹಲಕರ.

ಜೇಬು ಒಂದೋ ಎರಡೋ

ಲೇಟೆಕ್ಸ್ ಮತ್ತು ಮಲಿನ ಜಲದ ಈ ಎರಡೂ ನಿದರ್ಶನಗಳಲ್ಲಿ ಒಂದು ಸಮಾನ ಅಂಶವಿದೆ. ಬೆರೆಸುವವನೂ ಬೇರ್ಪಡಿಸುವವನೂ ಒಬ್ಬನೇ, ಅಥವಾ ಒಂದೇ ಕೊಡುಕೊಳ್ಳುವಿಕೆಯ ಎರಡು ತುದಿಗಳಲ್ಲಿರುವವರು. ಬೇರ್ಪಡಿಸುವ ಖರ್ಚು ತಗ್ಗಿದರೆ ಲಾಭ ಅವರ ಜೇಬಿಗೇ. ಅಲ್ಲಿ ಅಣು ಕೊಂಚ ದುಬಾರಿಯಾದರೂ ಲೆಕ್ಕ ಕೂಡಿ ಬರಬಹುದು. ಮನೆಬಳಕೆಯ ಮಾರ್ಜಕದಲ್ಲಿ ಹಾಗಿಲ್ಲ. ತಯಾರಿಸುವವನು ಒಬ್ಬ, ಕೊಳ್ಳುವವನು ಇನ್ನೊಬ್ಬ, ನೊರೆಯ ಜೊತೆ ಬದುಕುವವನು ಮತ್ತೊಬ್ಬ. ಒಗೆತದ ನಂತರ ಆ ಅಣು ಏನು ಮಾಡುತ್ತದೆಂಬ ಪ್ರಶ್ನೆ ಪೊಟ್ಟಣದ ಬೆಲೆಯಲ್ಲಿ ಎಲ್ಲಿಯೂ ಸೇರಿರುವುದಿಲ್ಲ. ಎಷ್ಟೇ ಜಾಣ ಅಣುವನ್ನು ತಂದಿಟ್ಟರೂ ಅದನ್ನು ಹೆಚ್ಚು ಹಣ ಕೊಟ್ಟು ಕೊಳ್ಳಬೇಕಾದ ಕಾರಣ ಯಾರಿಗೂ ಇಲ್ಲ.

ಹಾಗೆಂದು ಇದು ಬದಲಾಗದ ನಿಯಮವಲ್ಲ. 1950ರ ದಶಕದಲ್ಲಿ ಯುರೋಪ್ ಹಾಗೂ ಅಮೆರಿಕದ ನದಿಗಳಲ್ಲಿ ನೊರೆಯ ಗುಡ್ಡಗಳೇ ಎದ್ದಿದ್ದವು. ಅಂದಿನ ಮಾರ್ಜಕದ ಅಣುವಿನ ಬಾಲ ಕವಲು ಕವಲಾಗಿದ್ದುದರಿಂದ ಸೂಕ್ಷ್ಮಜೀವಿಗಳು ಅದನ್ನು ತಿನ್ನಲಾರದೆ ಹೋಗಿದ್ದವು. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ತಂದು, 1964ರಿಂದ ಮಾರ್ಜಕಗಳು ಶೇ 80ರಷ್ಟು ಜೈವಿಕವಾಗಿ ವಿಘಟನೆ ಹೊಂದಲೇಬೇಕೆಂದು ವಿಧಿಸಿತು. ಅಮೆರಿಕದ ಉದ್ಯಮ 1965ರಲ್ಲಿ ಕವಲಿಲ್ಲದ ನೇರ ಬಾಲದ ಅಣುವಿಗೆ ಹೊರಳಿತು. ಇಂದು ಭಾರತದ ಬಟ್ಟೆಗಳನ್ನು ತೊಳೆಯುತ್ತಿರುವುದೂ ಬಹುಮಟ್ಟಿಗೆ ಅದೇ ನೇರ ಬಾಲದ ಅಣು. ಐರೋಪ್ಯ ಒಕ್ಕೂಟ 2004ರಲ್ಲಿ ರೂಪಿಸಿ 2005ರ ಅಕ್ಟೋಬರ್‌ನಿಂದ ಜಾರಿಗೆ ತಂದ ನಿಯಮ ಇನ್ನೂ ಬಿಗಿ: ಸರ್ಫ್ಯಾಕ್ಟಂಟ್ 28 ದಿನಗಳಲ್ಲಿ ಕನಿಷ್ಠ ಶೇ 60ರಷ್ಟು ಪೂರ್ಣ ವಿಘಟನೆ ಹೊಂದಬೇಕು. ಅಂದರೆ ಮಾರ್ಜಕದ 'ಸ್ವಿಚ್' ಆಗಿ ಅಲ್ಲಿ ಕೆಲಸ ಮಾಡುತ್ತಿರುವುದು ಸೂಕ್ಷ್ಮಜೀವಿಗಳು. ಅಣುವಿನ ವಿನ್ಯಾಸ ಬದಲಾದದ್ದು ವಿಜ್ಞಾನಿಗಳ ಉತ್ಸಾಹದಿಂದಷ್ಟೇ ಅಲ್ಲ. ನೊರೆಯ ವೆಚ್ಚವನ್ನು ಕಾನೂನು ತಯಾರಕನ ಲೆಕ್ಕಕ್ಕೆ ಬರೆದದ್ದರಿಂದ.

ಸೂಕ್ಷ್ಮಜೀವಿಗಳಿಗೂ ತಮ್ಮ ಕೆಲಸ ಮಾಡಲು ಆಮ್ಲಜನಕ ಮತ್ತು ಸಮಯ ಬೇಕು. ಇವೆರಡೂ ಸಿಗದಿದ್ದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳು ಸಾಕ್ಷಿ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದ ದೃಶ್ಯ ದೇಶವಿದೇಶಗಳಲ್ಲಿ ಪ್ರಸಾರವಾಯಿತು. 2017 ಮತ್ತು 2018ರಲ್ಲಿ ಕೆರೆ ಮತ್ತೆ ಹೊತ್ತಿ ಉರಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ನೊರೆಯ ಜಾಡು ಹಿಡಿದು ಕಂಡುಕೊಂಡದ್ದೇನೆಂದರೆ, ಶುದ್ಧೀಕರಣವಾಗದ ಕೊಳಚೆಯೊಡನೆ ಬಂದ ಮಾರ್ಜಕದ ಅಂಶ ಪೂರ್ತಿಯಾಗಿ ವಿಘಟನೆಯಾಗದೆ ತಳದ ಕೆಸರಿಗೆ ಅಂಟಿ ಶೇಖರವಾಗುತ್ತದೆ. ಜೋರು ಮಳೆ ಬಂದು ಕೆಸರು ಕದಡಿದಾಗ ಅದು ಮೇಲೆದ್ದು, ಕೋಡಿಯಲ್ಲಿ ನೀರು ಧುಮುಕುವಾಗ ಗಾಳಿ ಬೆರೆತು ನೊರೆಯ ರಾಶಿಯಾಗುತ್ತದೆ. ಕೆಸರಿನ ಕಣಗಳು ಆ ನೊರೆಗೆ ಇನ್ನಷ್ಟು ಗಟ್ಟಿತನ ಕೊಡುತ್ತವೆ. ಎಂದೋ ಒಗೆದ ಬಟ್ಟೆಯ ಸಾಬೂನು ಇಂದಿನ ಮಳೆಯಲ್ಲಿ ಮತ್ತೆ ಕೆಲಸಕ್ಕೆ ಹಾಜರಾಗುತ್ತದೆ.

ಈ ಕೆರೆಗಳಿಗೆ ಕಿಂಗ್‌ಸ್ಟನ್ನಿನ ಅಣು ಉತ್ತರವಲ್ಲ. ಇಲ್ಲಿನ ನೀರು ಮುಚ್ಚಿದ ತೊಟ್ಟಿಯಲ್ಲಿಲ್ಲ, ಅದರಲ್ಲಿ ಬೆರೆತ ಆಮ್ಲ, ಲವಣಗಳ ಲೆಕ್ಕ ಇಟ್ಟವರಿಲ್ಲ. ಅನಿಲಕ್ಕೆ ಓಗೊಡುವ ಮಾರ್ಜಕವನ್ನು ನಾಳೆಯೇ ಅಂಗಡಿಗೆ ತಂದರೂ ರಾಜಕಾಲುವೆಯಲ್ಲಿ ಅದರ ಸ್ವಿಚ್ ಕಚ್ಚಿಕೊಂಡೇ ಕೂರುತ್ತದೆ. ಕೊಳಚೆಯನ್ನು ಕೆರೆಗೆ ಬಿಡುವ ಮುನ್ನ ಸಂಸ್ಕರಿಸುವುದು ಹಾಗೂ ತಳದ ಹೂಳೆತ್ತುವುದು ಇಲ್ಲಿ ಆಗಬೇಕಾದ ಕೆಲಸಗಳು. ಅವುಗಳಲ್ಲಿ ರೋಮಾಂಚನವಿಲ್ಲ, ಖರ್ಚು ಮಾತ್ರ ಇದೆ. ಆದರೆ ಇದೇ ನಗರದ ಸುತ್ತಮುತ್ತಲಿನ ಲೋಹ ತೊಳೆಯುವ, ಬಟ್ಟೆಗೆ ಬಣ್ಣ ಹಾಕುವ, ಅಂಟು ತಯಾರಿಸುವ ಘಟಕಗಳು ಕಾಲುವೆಗೆ ಬಿಡುವ ಸಾಬೂನಿನ ನೀರಿನ ಮಾತು ಬೇರೆ. ಅಲ್ಲಿ ತೊಟ್ಟಿಯೂ ಇದೆ, ಮುಚ್ಚಳ ಹಾಕಲೂಬಹುದು. ತ್ಯಾಜ್ಯ ನೀರು ಆವರಣ ದಾಟಬಾರದೆಂಬ ಷರತ್ತನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಕಟ್ಟುನಿಟ್ಟಾಗಿ ಜಾರಿಗೊಳಿಸಿದರೆ, ಬೆರೆಸುವ ಮತ್ತು ಬೇರ್ಪಡಿಸುವ ಖರ್ಚು ಒಂದೇ ಜೇಬಿಗೆ ಬೀಳುತ್ತದೆ. ಸ್ವಿಚ್ ಇರುವ ಅಣುವಿನ ಬೆಲೆ ಎಷ್ಟೆಂದು ಕಾರ್ಖಾನೆಯ ಲೆಕ್ಕಿಗ ಆಗ ತಾನಾಗಿಯೇ ವಿಚಾರಿಸುತ್ತಾನೆ.

ಸದ್ಯಕ್ಕೆ ಜೇಬುಗಳ ವ್ಯವಸ್ಥೆ ಹೇಗಿದೆಯೆಂಬುದಕ್ಕೆ ಬೆಳ್ಳಂದೂರಿನ ಕಡತವನ್ನೇ ತೆರೆಯಬಹುದು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2018ರ ಡಿಸೆಂಬರ್‌ನಲ್ಲಿ ನೀಡಿದ ಆದೇಶದಂತೆ ಕೆರೆಗಳ ಪುನಶ್ಚೇತನಕ್ಕಾಗಿ 500 ಕೋಟಿ ರೂಪಾಯಿಗಳನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕಾಗಿದ್ದುದು ರಾಜ್ಯ ಸರ್ಕಾರ. ದಂಡದ ರೂಪದಲ್ಲಿ 50 ಕೋಟಿ ರೂಪಾಯಿ ಬಿದ್ದದ್ದು ಅದೇ ಸರ್ಕಾರದ ಮೇಲೆ, 25 ಕೋಟಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಮೇಲೆ. ಎರಡೂ ತೆರಿಗೆದಾರರ ಜೇಬುಗಳೇ.